ಬುದ್ಧಿ ಬಂದ ಕೋತಿ ಮಾಡಿದ ತಪ್ಪೇನು?

ಈಚೆಗೆ ಒಂದು ಸಭೆಗೆಂದು ಬೆಂಗಳೂರಿಗೆ ಹೋಗಿದ್ದ ನಾವು ಮೂವರು ಮೇಷ್ಟ್ರುಗಳು ರಾತ್ರಿ ಉಳಿಯೋದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ರೂಮಿಗೆ ಹೋದೆವು. ಹಾಸ್ಟೆಲ್ಲಿನಲ್ಲಿ ಉಂಡು ಓದಿ, ಈಗ ಕಂಪ್ಯೂಟರ್ ಕೆಲಸ ಹಿಡಿದಿರುವ ಹುಡುಗ. ಊಟ ಆದ ಮೇಲೆ ನಮ್ಮನ್ನು ಟೀವಿ ಮುಂದೆ ಕೂರಿಸಿ, 'ಮೇಷ್ಟ್ರೇ, ನಿಮಗೊಂದು ತಮಾಷೆ ತೋರಿಸ್ತೀನಿ, ಕೋತಿ ಹಿಡಿಯೋ ಆಟ' ಅಂದ. ನಾವು ನಕ್ಕೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆಟದ ಕಂಟ್ರೋಲರು ನಮ್ಮ ಕೈಯಿಂದ ಕೈಗೆ ಹೋಗುತ್ತಿತ್ತು. ಐವತ್ತು ದಾಟಿದ ಮೂವರು, ಉಸಿರು ಬಿಗಿಹಿಡಿದು, ಪರದೆಯ ಮೇಲಿನ ಕೋತಿಯ ಬೆನ್ನ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಿದ್ದೆವು. ಸಿಕ್ಕಿದರೆ ಚಪ್ಪಾಳೆ. ತಪ್ಪಿಸಿಕೊಂಡರೆ ಬೈಗುಳ.

ದೀಪ ಆರಿಸಿ ಮಲಗಿದ ಮೇಲೆ ನಮ್ಮಲ್ಲೊಬ್ಬರು ಕತ್ತಲಲ್ಲಿ ಕೇಳಿದರು: 'ಅಲ್ರೀ, ಆ ಕೋತಿಗಳು ಏನ್ ತಪ್ಪು ಮಾಡಿದ್ವು?'

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಿಡಿಯೋದರಲ್ಲಿ ಮೈಮರೆತಿದ್ದ ನಮಗೆ ಯಾಕೆ ಹಿಡಿಯುತ್ತಿದ್ದೇವೆ ಅನ್ನೋದೇ ಹೊಳೆದಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದೇ ಈ ಬರಹ.

ಶಾಲೆಯ ಚಾವಣಿ ಸೋರುತ್ತಿರುವಾಗ ವಿಡಿಯೋ ಗೇಮಿನ ಕೋತಿಯ ಚಿಂತೆ ನಿಮಗ್ಯಾಕೆ ಎಂದು ಕೆಲವು ಗೆಳೆಯರು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಪುರಾಣ, ಹರಿಕಥೆ, ಸಿನಿಮಾ ಇವೆಲ್ಲ ನಮ್ಮ ಮನಸ್ಸಿಗೆ ಏನನ್ನು ಕಲಿಸುತ್ತವೆ ಎಂದು ಪ್ರಶ್ನಿಸುತ್ತಲೇ ಬಂದವರು ನಾವು. ಇವತ್ತು ಹಳ್ಳಿಯ ಹುಡುಗರ ಕೈಗೂ ಮೊಬೈಲು ಬಂದಿದೆ, ಮೊಬೈಲಿನ ಜೊತೆ ಆಟವೂ ಬಂದಿದೆ. ಪುರಾಣ ಕೇಳುವವನು ಸುಮ್ಮನೆ ಕೂತು ಕೇಳುತ್ತಾನೆ. ಆಟ ಆಡುವವನು ಕೈಯಾರೆ ಮಾಡುತ್ತಾನೆ. ಕೇಳಿದ್ದನ್ನು ಪ್ರಶ್ನಿಸಿದ ನಾವು ಮಾಡಿದ್ದನ್ನು ಪ್ರಶ್ನಿಸದೆ ಬಿಡುವುದು ಸರಿಯೆ?

ಮೊದಲು ಆಟದ ವಿಷಯ. 2004ರಲ್ಲಿ ಜಪಾನಿನ ಕೊನಾಮಿ ಕಂಪನಿ 'ಮೆಟಲ್ ಗೇರ್ ಸಾಲಿಡ್ 3: ಸ್ನೇಕ್ ಈಟರ್' ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದವರು ಹಿದೆಯೊ ಕೊಜಿಮಾ. ಕಥೆ ನಡೆಯುವುದು 1964ರಲ್ಲಿ, ಅಮೆರಿಕ ಮತ್ತು ಸೋವಿಯತ್ ದೇಶಗಳ ಶೀತಲ ಸಮರದ ಕಾಲದಲ್ಲಿ. ಸೋವಿಯತ್ ಕಾಡಿಗೆ ಕದ್ದು ನುಸುಳುವ ಅಮೆರಿಕದ ಯೋಧನೊಬ್ಬ ನಾಯಕ. ಅವನ ಗುಪ್ತನಾಮ ಸ್ನೇಕ್, ಅಂದರೆ ಹಾವು. ಎದುರು ನಿಂತು ಹೊಡೆದಾಡುವುದಕ್ಕಿಂತ ಯಾರ ಕಣ್ಣಿಗೂ ಬೀಳದೆ ಸಾಗುವುದೇ ಈ ಆಟದ ಮರ್ಮ.

ಈ ದೊಡ್ಡ ಆಟದ ಮಗ್ಗುಲಲ್ಲಿ ಒಂದು ಪುಟ್ಟ ಆಟವನ್ನೂ ಇಟ್ಟಿದ್ದರು. ಹೆಸರು 'ಸ್ನೇಕ್ ವರ್ಸಸ್ ಮಂಕಿ'. ತಪ್ಪಿಸಿಕೊಂಡ ಕೋತಿಗಳನ್ನು ಹಿಡಿದು ಬಾ ಎಂದು ಕರ್ನಲ್ಲು ಅಪ್ಪಣೆ ಮಾಡುತ್ತಾನೆ. ಯೋಧ ಗೊಣಗುತ್ತಲೇ ಹೊರಡುತ್ತಾನೆ. ಅದೇ ಕಾಡು, ಅದೇ ಮರ, ಅದೇ ಹಾದಿ. ಸೈನಿಕರ ಜಾಗದಲ್ಲಿ ತಲೆಗೆ ಹೆಲ್ಮೆಟ್ಟು ತೊಟ್ಟು ಚಡ್ಡಿ ಹಾಕಿದ ಕೋತಿಗಳು. ಯೋಧನ ಕೈಯಲ್ಲಿ ಪ್ರಾಣ ತೆಗೆಯದ ಬಂದೂಕು. ಗುರಿ ತಾಗಿದರೆ ಕೋತಿ ಮೂರ್ಛೆ ಬೀಳುತ್ತದೆ, ಅದು ಎದ್ದೇಳುವುದರೊಳಗೆ ಓಡಿಹೋಗಿ ಹಿಡಿಯಬೇಕು. ಗಡಿಯಾರ ಓಡುತ್ತಿರುತ್ತದೆ. ಎಷ್ಟು ಬೇಗ ಹಿಡಿದರೆ ಅಷ್ಟು ದೊಡ್ಡ ಹೆಸರು. 2011ರಲ್ಲಿ ಹಳೆಯ ಆಟವನ್ನು ಒಪ್ಪಮಾಡಿ ಮತ್ತೆ ತಂದಾಗ ಈ ಕೋತಿಯಾಟವನ್ನು ಬಿಟ್ಟಿದ್ದರು. 2025ರ ಆಗಸ್ಟಿನಲ್ಲಿ ಇಡೀ ಆಟವನ್ನು ಬುಡದಿಂದ ಕಟ್ಟಿ 'ಮೆಟಲ್ ಗೇರ್ ಸಾಲಿಡ್ ಡೆಲ್ಟಾ' ಎಂದು ಬಿಡುಗಡೆ ಮಾಡಿದಾಗ, ಪ್ಲೇಸ್ಟೇಷನ್ 5ರಲ್ಲಿ ಆಡುವವರಿಗೆ ಕೋತಿಗಳು ವಾಪಸು ಸಿಕ್ಕಿದವು. ನಾವು ಆ ರಾತ್ರಿ ಹಿಡಿದದ್ದು ಅವನ್ನೇ.

ಬೆಳಿಗ್ಗೆ ಕಾಫಿ ಕುಡಿಯುತ್ತ ಹುಡುಗನನ್ನು ಕೇಳಿದೆವು. ಅವನ ಮೊದಲ ಉತ್ತರ: 'ಸಾಯಿಸೋದಿಲ್ವಲ್ಲ ಮೇಷ್ಟ್ರೇ, ಬರೀ ಹಿಡಿಯೋದು. ಒಂದು ತೊಟ್ಟು ರಕ್ತ ಇಲ್ಲ.'

ಮಾತು ನಿಜ. ಆದರೆ ಕೊಲ್ಲದೆ ಇದ್ದರೆ ಸಾಕೆ? ಇಲ್ಲೇ ನೈತಿಕ ಪ್ರಶ್ನೆ ಶುರುವಾಗುವುದು.

1957ರಲ್ಲಿ, ತೀರಿಕೊಂಡ ಮರುವರ್ಷ, ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಂಬೇಡ್ಕರ್ ಅಹಿಂಸೆಯ ವಿಚಾರವನ್ನು ಬಿಡಿಸಿ ನೋಡಿದ್ದಾರೆ. ಬುದ್ಧ ಅಹಿಂಸೆಯನ್ನು ತತ್ವವಾಗಿ ಹೇಳಿದನೇ ಹೊರತು ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಾಗಿ ಅಲ್ಲ ಎಂಬುದು ಅವರ ವಾದ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ. ಈ ಎರಡರ ನಡುವೆ ಗೆರೆ ಎಳೆಯುವುದು ಮನುಷ್ಯನ ವಿವೇಕದ ಕೆಲಸ. ಕಟ್ಟಳೆಯಾದರೆ ವಿವೇಕಕ್ಕೆ ಕೆಲಸ ಇರುವುದಿಲ್ಲ.

ಈ ಅಳತೆಗೋಲನ್ನು ಆಟಕ್ಕೆ ಹಿಡಿದು ನೋಡೋಣ. ದೊಡ್ಡ ಆಟದಲ್ಲಿ ಯೋಧನಿಗೆ ಹಸಿವಾಗುತ್ತದೆ. ಕಾಡಿನ ಹಾವು, ಕಪ್ಪೆ, ಮೀನು, ಹಕ್ಕಿ ಹಿಡಿದು ತಿನ್ನದಿದ್ದರೆ ಅವನ ಕೈ ನಡುಗಿ ಗುರಿ ತಪ್ಪುತ್ತದೆ, ಹೊಟ್ಟೆ ಗುರುಗುಟ್ಟಿ ಶತ್ರುವಿಗೆ ಸುಳಿವು ಸಿಗುತ್ತದೆ. ಅಲ್ಲಿ ಪ್ರಾಣಿ ಹಿಡಿಯುವುದು ಅಗತ್ಯ. ಅದೇ ಆಟದಲ್ಲಿ ಒಂದು ನದಿ ಬರುತ್ತದೆ. 'ದುಃಖ' ಎಂಬ ಹೆಸರಿನ ಪ್ರೇತವೊಂದು ಯೋಧನನ್ನು ಆ ನೀರಿನಲ್ಲಿ ನಡೆಸುತ್ತದೆ. ಆಡುವವನು ಅಲ್ಲಿಯವರೆಗೆ ಕೊಂದ ಸೈನಿಕರೆಲ್ಲ ಒಬ್ಬೊಬ್ಬರಾಗಿ ಎದುರಿಗೆ ನಡೆದು ಬರುತ್ತಾರೆ. ಹೆಚ್ಚು ಕೊಂದವನಿಗೆ ಆ ದಾರಿ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಬಂದೂಕಿನ ಆಟದಲ್ಲಿ ಹೀಗೊಂದು ಲೆಕ್ಕ ಕೇಳುವ ನದಿಯನ್ನು ಹರಿಸಿದ ಕೊಜಿಮಾ ಸಾಮಾನ್ಯದವರಲ್ಲ. ಅದನ್ನು ನಾವು ಮನಸಾರೆ ಒಪ್ಪುತ್ತೇವೆ.

ಆದರೆ ಕೋತಿಗಳಿಗೆ ನದಿ ಇಲ್ಲ, ಗಡಿಯಾರ ಮಾತ್ರ. ಇಲ್ಲಿ ಹಸಿವಿಲ್ಲ, ಭಯವಿಲ್ಲ, ದ್ವೇಷವೂ ಇಲ್ಲ. ಅಂಬೇಡ್ಕರ್ ಹೇಳಿದ ಎರಡರ ಪಕ್ಕದಲ್ಲಿ ನಾವು ಮೂರನೆಯದೊಂದನ್ನು ಇಟ್ಟು ನೋಡಬೇಕಾಗಿದೆ: ಹಿಡಿಯುವ ಇಚ್ಛೆ. ಕೊಲ್ಲುವ ಇಚ್ಛೆಗೆ ಕನಿಷ್ಠ ಅಳುಕಾದರೂ ಇರುತ್ತದೆ. ಹಿಡಿಯುವ ಇಚ್ಛೆಗೆ ಅದೂ ಇಲ್ಲ. ರಕ್ತ ಕಾಣದ ಕಡೆ ಮನಸ್ಸಾಕ್ಷಿಗೆ ಎಚ್ಚರ ಆಗೋದಿಲ್ಲ. ನಮ್ಮ ಹಳ್ಳಿಗಳಲ್ಲಿ ಜೀತಕ್ಕಿಟ್ಟವನನ್ನು ಯಜಮಾನ ಕೊಲ್ಲುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಿದ್ದ, ಹಬ್ಬಕ್ಕೊಂದು ಹಳೇ ಪಂಚೆ ಕೊಡುತ್ತಿದ್ದ. 'ನಾವೇನು ಹೊಡೀತೀವಾ ಬಡೀತೀವಾ, ಮನೆಮಗನ ಹಾಗೆ ಇದಾನೆ' ಅನ್ನುತ್ತಿದ್ದ. 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾನೂನು ಬಂದಾಗ ಅದು ಪ್ರಶ್ನಿಸಿದ್ದು ಹೊಡೆತವನ್ನಲ್ಲ, ಹಿಡಿತವನ್ನು. ಕಟ್ಟಿಹಾಕುವುದನ್ನು ಹಿಂಸೆ ಎಂದು ಗುರುತಿಸದ ಅಹಿಂಸೆ ಅರ್ಧ ಅಹಿಂಸೆ ಮಾತ್ರ.

ಸರಿ, ಈ ಕೋತಿಗಳು ತಪ್ಪಿಸಿಕೊಂಡದ್ದು ಎಲ್ಲಿಂದ? ಅವು ಮೂಲದಲ್ಲಿ ಇನ್ನೊಂದು ಆಟದವು. 1999ರಲ್ಲಿ ಸೋನಿ ಕಂಪನಿ ತಂದ ಆ ಆಟದ ಹೆಸರು ಇಂಗ್ಲಿಷಿನಲ್ಲಿ 'ಏಪ್ ಎಸ್ಕೇಪ್', ಅಂದರೆ ಕೋತಿಗಳ ಪರಾರಿ. ಅದರ ಕಥೆಯನ್ನು ನಮ್ಮ ಗೆಳೆಯರು ಗಮನವಿಟ್ಟು ಕೇಳಬೇಕು.

ಜನ ನೋಡಿ ನಗಲೆಂದು ಕೋತಿಗಳನ್ನು ಇಟ್ಟಿರುವ ಒಂದು ಮನರಂಜನೆಯ ಉದ್ಯಾನ. ಅಲ್ಲಿ ಸ್ಪೆಕ್ಟರ್ ಎಂಬ ಬಿಳಿ ಕೋತಿ. ವಿಜ್ಞಾನಿಯೊಬ್ಬ ಮಾಡಿದ, ಬುದ್ಧಿ ಹೆಚ್ಚಿಸುವ ಹೆಲ್ಮೆಟ್ಟು ಅದಕ್ಕೆ ಸಿಗುತ್ತದೆ. ತಲೆಗೆ ಇಟ್ಟುಕೊಂಡದ್ದೇ ತಡ, ಕೋತಿಗೆ ಅರಿವು ಬರುತ್ತದೆ. ಅರಿವು ಬಂದ ಕೋತಿ ಏನು ಮಾಡುತ್ತದೆ? ಉಳಿದ ಕೋತಿಗಳಿಗೂ ಹೆಲ್ಮೆಟ್ಟು ಹಂಚಿ ಬಿಡುಗಡೆ ಮಾಡುತ್ತದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರವನ್ನು ವಶಪಡಿಸಿಕೊಂಡು, ಮನುಷ್ಯರ ಬದಲು ಕೋತಿಗಳು ಆಳುವ ಹಾಗೆ ಇತಿಹಾಸವನ್ನು ತಿದ್ದಿ ಬರೆಯಲು ಅವನ್ನು ಹಳೆಯ ಕಾಲಗಳಿಗೆ ಕಳಿಸುತ್ತದೆ. ಆಡುವ ಹುಡುಗನ ಕೆಲಸ, ಕೈಬಲೆ ಹಿಡಿದು ಕಾಲದಿಂದ ಕಾಲಕ್ಕೆ ಹೋಗಿ, 200ಕ್ಕೂ ಹೆಚ್ಚು ಕೋತಿಗಳನ್ನು ಒಂದೊಂದಾಗಿ ಹಿಡಿದು ವಾಪಸು ಕಳಿಸುವುದು. ಹೆಬ್ಬೆರಳಿನ ಕೆಳಗಿನ ಪುಟ್ಟ ಸ್ಟಿಕ್ಕನ್ನು ಮೆಲ್ಲಗೆ ಒತ್ತಿದರೆ ಹೆಜ್ಜೆ ಮೆಲ್ಲಗೆ ಬೀಳುತ್ತದೆ, ಜೋರಾಗಿ ಒತ್ತಿದರೆ ಓಟ. ಕೋತಿಯ ಹೆಲ್ಮೆಟ್ಟಿನ ದೀಪ ನೀಲಿ ಇದ್ದರೆ ಅದು ಮೈಮರೆತಿದೆ. ಹಳದಿಯಾದರೆ ಅನುಮಾನ ಬಂದಿದೆ. ಕೆಂಪಾದರೆ ನಿಮ್ಮನ್ನು ನೋಡಿಬಿಟ್ಟಿದೆ.

ನೋಡಿ, ಕೋತಿಗಳ ತಪ್ಪಿನ ಪಟ್ಟಿ ಹೀಗಿದೆ. ಒಂದು, ಬುದ್ಧಿ ಬಂತು. ಎರಡು, ಬಂದ ಬುದ್ಧಿಯನ್ನು ಹಂಚಿಕೊಂಡವು. ಮೂರು, ಇತಿಹಾಸವನ್ನು ತಮ್ಮ ಕಡೆಯಿಂದ ಬರೆಯಲು ಹೊರಟವು. ಕುಣಿಯುವಷ್ಟು ದಿನ ಕೋತಿ ಮುದ್ದು. ಯೋಚನೆ ಮಾಡಿದ ದಿನ ಖಳನಾಯಕ.

ಆಟದ ಕಥೆಯಲ್ಲಿ ಸ್ಪೆಕ್ಟರ್ ದುಷ್ಟ ಅನ್ನೋದು ನಿಜ. ಅವನು ಬಯಸುವುದು ಸಮಾನತೆಯನ್ನಲ್ಲ, ಯಜಮಾನಿಕೆಯನ್ನು. ಆಳುವವನ ಕುರ್ಚಿಯಲ್ಲಿ ತಾನು ಕೂರಬೇಕು ಅನ್ನುವವನನ್ನು ನಾವೂ ಒಪ್ಪುವುದಿಲ್ಲ. ಆದರೆ ನಮ್ಮ ತಕರಾರು ಬೇರೆ. ಅರಿವು ಬಂದ ಕೋತಿಗೆ ಇನ್ನೊಂದು ದಾರಿ ಇರಬಹುದಿತ್ತು ಎಂಬ ಕಲ್ಪನೆಯೇ ಆ ಕಥೆಯಲ್ಲಿ ಇಲ್ಲ. ಆಳಬೇಕು, ಇಲ್ಲವೇ ಬೋನಿಗೆ ಹೋಗಬೇಕು. ನಡುವೆ ಒಟ್ಟಿಗೆ ಬದುಕುವ ದಾರಿ ಇಲ್ಲವೆ? 'ಇವರಿಗೆ ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ' ಎಂಬ ಊರಿನ ಹಳೆಯ ಮಾತಿನಲ್ಲೂ ಅಡಗಿರುವುದು ಇದೇ ದಾರಿದ್ರ್ಯ.

2005ರಲ್ಲಿ ಇದೇ ಸಾಲಿನ ಮೂರನೆಯ ಆಟ ಬಂದಾಗ ಅದರೊಳಗೂ ಒಂದು ಪುಟ್ಟ ಆಟ ಇತ್ತು. ಅದರಲ್ಲಿ ಕೋತಿಯೇ ನಾಯಕ, ಕದ್ದು ನುಸುಳುವುದೂ ಕೋತಿಯೇ. ನಮಗೆ ಕೇಳಿ ಸಂತೋಷವಾಯಿತು. ಆದರೆ ಆ ಕೋತಿ ಯೋಧ ಸ್ನೇಕ್‌ನ ವೇಷ ತೊಟ್ಟು, ಅವನ ಹೆಸರು ಹೊತ್ತು, ಅವನ ಹಾಗೇ ನಡೆಯಬೇಕು. ನಾಯಕನಾಗಬೇಕಾದರೆ ತನ್ನತನ ಬಿಟ್ಟು ಹಿಡಿಯುವವನ ರೂಪವನ್ನು ಎರವಲು ತರಬೇಕು. ಓದಿ ಮೇಲೆ ಬಂದ ನಮ್ಮವರಲ್ಲಿ ಕೆಲವರ ಕಥೆಯೂ ಇದೇ ಅಲ್ಲವೆ? ಇದನ್ನು ನಮಗೆ ನಾವೇ ಹೇಳಿಕೊಳ್ಳಬೇಕು, ಬೇರೆಯವರನ್ನು ಬೈದರೆ ಆಗಲಿಲ್ಲ.

ಇಷ್ಟು ಹೇಳುವಾಗ ನಮ್ಮಲ್ಲೇ ಒಬ್ಬರು ಸಿಡುಕಿದರು: 'ಏನು, ನಮ್ಮನ್ನ ಕೋತಿಗೆ ಹೋಲಿಸ್ತಿದೀರಾ? ಅದನ್ನ ಬೇರೆಯವರು ಸಾಕಷ್ಟು ಮಾಡಿದಾರೆ.' ಸಿಟ್ಟು ಸರಿಯಾದದ್ದೇ. ಮನುಷ್ಯ ಕೋತಿಯಲ್ಲ, ಹಾಗೆ ಕರೆದವರ ಬಾಯಿ ಮುಚ್ಚಿಸುವುದೂ ನಮ್ಮ ಹೋರಾಟದ ಭಾಗ. ನಾವು ಹೇಳುತ್ತಿರುವುದು ಬೇರೆ. ಮನುಷ್ಯನನ್ನು ಕೀಳು ಮಾಡಬೇಕಾದಾಗ ಸಮಾಜ ಮೊದಲು ಅವನನ್ನು ಪ್ರಾಣಿಯ ಪಕ್ಕದಲ್ಲಿ ನಿಲ್ಲಿಸುತ್ತದೆ. ಆಮೇಲೆ ಪ್ರಾಣಿಗೆ ಮಾಡಬಹುದಾದ್ದನ್ನೆಲ್ಲ ಅವನಿಗೂ ಮಾಡುತ್ತದೆ. ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಈ ಕೋತಿಯಾಟ ಹುಟ್ಟಿದ ಜಪಾನಿನಲ್ಲೂ ಹೀಗೇ ಆಗಿದೆ.

ಜಪಾನಿನಲ್ಲಿ ಬುರಾಕುಮಿನ್ ಎಂಬ ಜನರಿದ್ದಾರೆ. ಚರ್ಮ ಹದ ಮಾಡುವುದು, ಪ್ರಾಣಿ ಕಡಿಯುವುದು, ಹೆಣದ ಕೆಲಸ, ಇವನ್ನೆಲ್ಲ ಮಾಡಿದ್ದಕ್ಕಾಗಿ ಮೈಲಿಗೆಯವರು ಎಂದು ಊರಾಚೆ ಇಟ್ಟ ಜನ. ಮಾತು ಬೇಡ, ನಾಲ್ಕು ಬೆರಳು ಎತ್ತಿ ತೋರಿಸಿದರೆ ಸಾಕು, ಅದೇ ಬೈಗುಳ. ನಾಲ್ಕು ಕಾಲಿನವರು ಅಂತ ಅರ್ಥ. ಕೋತಿ ಕುಣಿಸುವ 'ಸರುಮಾವಾಶಿ' ಎಂಬ ಕಲೆ ಬಹಳ ಕಾಲ ಇಂಥ ಹೊರಗಿಟ್ಟ ಜನರ ಕಸುಬಾಗಿತ್ತು. ಕೋತಿ ಕುದುರೆಗಳನ್ನು ಕಾಯುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಆದ್ದರಿಂದ ಯೋಧರ ಲಾಯಗಳ ಮುಂದೆ ಕೋತಿ ಕುಣಿಸಲು ಇವರನ್ನು ಕರೆಯುತ್ತಿದ್ದರು. ಕಲೆ ಬೇಕು, ಕಲಾವಿದ ಬೇಡ. ಶುಭಕ್ಕೆ ಬೇಕು, ಪಂಕ್ತಿಗೆ ಬೇಡ. ನಮ್ಮ ತಮಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

1871ರಲ್ಲಿ ಜಪಾನ್ ಸರ್ಕಾರ ಇವರ ಮೇಲಿನ ಹೊಲಸು ಹೆಸರುಗಳನ್ನು ರದ್ದು ಮಾಡಿ ಆಜ್ಞೆ ಹೊರಡಿಸಿತು. ಕಾಗದದಲ್ಲಿ ಬಿಡುಗಡೆ ಸಿಕ್ಕಿತು, ಬದುಕಿನಲ್ಲಿ ಸಿಗಲಿಲ್ಲ. 1922ರಲ್ಲಿ ಕ್ಯೋಟೋದಲ್ಲಿ ಬುರಾಕುಮಿನ್ನರು ತಾವೇ ಸಂಘಟಿತರಾಗಿ 'ಸುಯಿಹೇಶಾ' ಕಟ್ಟಿದರು. ಏರುತಗ್ಗನ್ನು ಸಮ ಮಾಡುವವರ ಸಂಘ ಎಂದು ಅದರ ಅರ್ಥ. ಕೋತಿಯಾಟ ಮಾಡಿದವರು ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಮಾಡಿದರು ಎಂದು ನಾವು ಆರೋಪಿಸುತ್ತಿಲ್ಲ. ಅವರು ಮಕ್ಕಳನ್ನು ನಗಿಸಲು ಮಾಡಿದ್ದಾರೆ. ಆದರೆ ಕಥೆಗಳು ಬರಿಗಾಳಿಯಲ್ಲಿ ಹುಟ್ಟುವುದಿಲ್ಲ. ನಿಕ್ಕೋ ಊರಿನ ಗುಡಿಯಲ್ಲಿ ಕೆತ್ತಿರುವ ಮೂರು ಕೋತಿಗಳು ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡು ಲೋಕಪ್ರಸಿದ್ಧವಾದವು. ನಮ್ಮ ಶಾಲೆಯ ಗೋಡೆಗಳ ಮೇಲೂ ಬಂದು ಕೂತಿವೆ. ಕಣ್ಣು ತೆರೆದ ಕೋತಿಗೆ ಮಾತ್ರ ಬಲೆ.

ಅದೇ 1871ರಲ್ಲಿ ನಮ್ಮ ದೇಶದಲ್ಲಿ ಬ್ರಿಟಿಷರು ಇನ್ನೊಂದು ಕಾನೂನು ತಂದರು, ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅಲೆದಾಡಿ ಬದುಕುವ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿ ಹಾಜರಿ ಹಾಕಿಸಿದರು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಅದು ರದ್ದಾಯಿತು. ಅನುಮಾನ ಮಾತ್ರ ರದ್ದಾಗಲಿಲ್ಲ. ಸದ್ದಿಲ್ಲದೆ ನಡೆಯುವವನು ಬಡವನಾದರೆ ಕಳ್ಳ. ಪರದೆಯ ಮೇಲಿನ ಯೋಧನಾದರೆ ವೀರ.

ಪ್ರಾಣಿ ಪಕ್ಷಿಯನ್ನು ಹೊಂಚಿ ಹಿಡಿಯುವ ವಿದ್ಯೆ ನಿಜವಾಗಿ ಗೊತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ಹಕ್ಕಿಪಿಕ್ಕಿಗಳ ಹೆಸರಿನಲ್ಲೇ ಹಕ್ಕಿ ಇದೆ, ಹಕ್ಕಿ ಹಿಡಿಯುವುದೇ ಅವರ ಕಸುಬಾಗಿತ್ತು. ಹುಣಸೂರು ತಾಲ್ಲೂಕಿನಲ್ಲಿ ಅವರು ನೆಲೆಸಿರುವ ಊರಿನ ಹೆಸರೂ ಪಕ್ಷಿರಾಜಪುರ. 1972ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು. ಕಾಡುಪ್ರಾಣಿಗಳು ಉಳಿಯಬೇಕು, ಆ ಕಾಯ್ದೆ ಬೇಕು, ಅದರ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಹೊಟ್ಟೆಗಾಗಿ ಹಿಡಿಯುತ್ತಿದ್ದವರ ಕಸುಬು ಅಪರಾಧವಾಯಿತು. ಅವರಲ್ಲಿ ಎಷ್ಟೋ ಜನ ಕೂದಲಿಗೆ ಹಚ್ಚುವ ಎಣ್ಣೆ, ಗಿಡಮೂಲಿಕೆ ಮಾರುತ್ತ ಆಫ್ರಿಕಾದ ದೇಶಗಳವರೆಗೂ ಹೋದರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಹಕ್ಕಿಪಿಕ್ಕಿಗಳೂ ಇದ್ದರು. ಅಗತ್ಯಕ್ಕೆ ಹಿಡಿದವನು ದೇಶ ಬಿಟ್ಟು ಅಲೆದ. ಅಗತ್ಯವಿಲ್ಲದ ಹಿಡಿತವನ್ನು ಆಟ ಮಾಡಿ ನಾವು ರೂಮಿನಲ್ಲಿ ಕೂತು ಚಪ್ಪಾಳೆ ತಟ್ಟಿದೆವು.

'ಆದ್ರೂ ಮೇಷ್ಟ್ರೇ, ಅದು ಬರೀ ಚಿತ್ರ. ಯಾವ ಕೋತಿಗೂ ನೋವಾಗಲ್ಲ' ಅಂದ ಹುಡುಗ. ಇದು ಅವನ ಎರಡನೇ ಉತ್ತರ, ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಪರದೆಯ ಕೋತಿಗೆ ನೋವಿಲ್ಲ, ಒಪ್ಪಿದೆವು. ಆಟ ಆಡಿದವರೆಲ್ಲ ಬಲೆ ಹಿಡಿದು ಬೀದಿಗೆ ಬರುತ್ತಾರೆ ಎಂದೂ ನಾವು ಹೇಳುವುದಿಲ್ಲ. ನಾವು ಕೇಳುವುದು ಕೋತಿಗೆ ಏನಾಯಿತು ಅಂತಲ್ಲ, ನಮಗೆ ಏನಾಯಿತು ಅಂತ.

ಹೊಂಚಿ ಹಿಡಿಯಬೇಕಾದರೆ ಆ ಜೀವವನ್ನು ಬಹಳ ಗಮನಿಸಬೇಕು. ಅದು ಯಾವ ಕಡೆ ನೋಡುತ್ತದೆ, ಯಾವಾಗ ತೂಕಡಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ. ತಾಯಿ ಮಗುವನ್ನು ಗಮನಿಸುವುದೂ ಹೀಗೇ, ಕುರಿ ಕಾಯುವವನು ಮಂದೆಯನ್ನು ಗಮನಿಸುವುದೂ ಹೀಗೇ. ಗಮನ ಒಂದೇ, ಕೊನೆ ಬೇರೆ. ಇವರ ಗಮನ ಕಣ್ಣಿಗೆ ಕಣ್ಣು ಸೇರುವುದರಲ್ಲಿ ಮುಗಿಯುತ್ತದೆ. ಆ ಕೋತಿಯಾಟದಲ್ಲಿ ಕಣ್ಣಿಗೆ ಕಣ್ಣು ಸೇರಿದರೆ ಸೋತಂತೆ. ಇನ್ನೊಂದು ಜೀವ ನಮ್ಮನ್ನು ನೋಡಿಬಿಟ್ಟರೆ ನಮಗೆ ಸೋಲು ಎಂಬ ಪಾಠವನ್ನು ನಮ್ಮ ಬೆರಳುಗಳು ಆ ರಾತ್ರಿ ಕಲಿತವು. ಊರಿನ ಬೀದಿಯಲ್ಲಿ ತಲೆ ಎತ್ತಿ ನೋಡಿದ್ದಕ್ಕೇ ಪೆಟ್ಟು ತಿಂದವರ ಮಕ್ಕಳಾದ ನಾವು ಇಷ್ಟು ಬೇಗ ಈ ಪಾಠ ಕಲಿತೆವಲ್ಲ ಎಂದು ನಾಚಿಕೆಯಾಯಿತು. ಅಂದರೆ ಬಲೆ ಕೈಗೆ ಬಂದರೆ ಯಾರ ಕೈಯಾದರೂ ಒಂದೇ. ಇದು ಆಟ ನಮಗೆ ತಿಳಿಸಿಕೊಟ್ಟ ಸತ್ಯ, ಅದಕ್ಕಾಗಿ ಆಟಕ್ಕೆ ಋಣಿಗಳಾಗಿರಬೇಕು.

ಆಟಗಳನ್ನು ನಿಷೇಧಿಸಿ ಎಂದು ನಾವು ಕೂಗುವುದಿಲ್ಲ. ನಿಷೇಧ ಆಳುವವರ ಚಟ. ಹಳ್ಳಿಯ ಶಾಲೆಗಳ ಮೇಷ್ಟ್ರುಗಳಿಗೆ ನಮ್ಮದೊಂದು ಸಲಹೆ ಇದೆ. ಮೊಬೈಲು ಹಿಡಿದ ಹುಡುಗನನ್ನು ಬೈಯುವ ಮೊದಲು ಪಕ್ಕದಲ್ಲಿ ಕೂತು ಆಟದ ಕಥೆ ಕೇಳಿ. ಆಮೇಲೆ ಅದೇ ಕಥೆಯನ್ನು ತಪ್ಪಿಸಿಕೊಂಡವರ ಕಡೆಯಿಂದ ಬರೆಯಲು ಹೇಳಿ. ಬೋನಿನಲ್ಲಿ ಕೂತ ಕೋತಿಗೆ ಹೆಲ್ಮೆಟ್ಟು ಸಿಕ್ಕ ಮೊದಲ ಗಳಿಗೆ ಹೇಗಿತ್ತು? ಪಕ್ಕದ ಬೋನಿನ ಕೋತಿಗೆ ಅದು ಮೊದಲು ಏನು ಹೇಳಿತು? ಅಕ್ಷರ ಕಲಿತ ಮೊದಲ ತಲೆಮಾರಿನ ಮಕ್ಕಳಿಗೆ ಇದನ್ನು ಬರೆಯೋದು ಕಷ್ಟ ಆಗಲಾರದು.

ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಹುಡುಗ ಕೊನೆಗೆ ಕೇಳಿದ: 'ಹಾಗಾದ್ರೆ ಆ ಆಟ ಬಿಟ್ಬಿಡ್ಲಾ ಮೇಷ್ಟ್ರೇ?'

'ಬೇಡಪ್ಪ, ಆಡು' ಅಂದೆವು. 'ಆದರೆ ನಾಳೆ ನಿನ್ನ ಆಫೀಸಿನಲ್ಲೋ ನಿನ್ನ ಊರಿನಲ್ಲೋ, ಯಾರನ್ನಾದರೂ ಹಿಡಿದು ತಾ ಅಂತ ನಿನಗೆ ಯಾರಾದರೂ ಅಪ್ಪಣೆ ಮಾಡ್ತಾರೆ. ರಕ್ತ ಬರೋದಿಲ್ಲ, ಬರೀ ಹಿಡಿಯೋದು ಅಂತಾರೆ. ಆಗ ಗಡಿಯಾರ ನೋಡಬೇಡ. ಅವರು ಏನ್ ತಪ್ಪು ಮಾಡಿದಾರೆ ಅಂತ ಕೇಳು.'

ಆ ರಾತ್ರಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಗೆಳೆಯರೆ, ಬಲೆ ನಿಮ್ಮ ಕೈಗೆ ಬಂದ ದಿನ ನೀವೂ ಕೇಳಿ.